ಬಲೆಯ ಸಣ್ಣ ಕಣ್ಣು

ಕೆಂಚನಹಾಳು ನಗರದ ಒಡ್ಡಿಗೆ ಎರಡು ಬಾಗಿಲು. ಶ್ರಾವಣದ ಮೊದಲ ವಾರದ ಮಳೆಗೆ ಎಡಬಾಗಿಲು ತೆರೆಯಿತು. ನೀರು ಚಕ್ಕಡಿಗೇರಿಗೆ ನುಗ್ಗಿತು. ಹದಿನೇಳು ಜನ ಸತ್ತರು. ಬಾಗಿಲು ತೆರೆದದ್ದು ಲೆಕ್ಕ ಹಾಕಿಯೇ. ಆ ಲೆಕ್ಕದಲ್ಲಿ ಚಕ್ಕಡಿಗೇರಿ ಇರಲಿಲ್ಲ.

ಲೆಕ್ಕ ಹಾಕುವ ವ್ಯವಸ್ಥೆಯ ಹೆಸರು ಮುನ್ನೋಟ. ವಿಶ್ವವಿದ್ಯಾಲಯದ ಗಣಿತ ಮಾದರಿ ವಿಭಾಗದ ನೆಲಮಾಳಿಗೆಯಲ್ಲಿ ಅದರ ಯಂತ್ರಗಳಿವೆ. ಅವುಗಳ ಒಳಗೆ ಇಡೀ ನಗರದ ಇನ್ನೊಂದು ಪ್ರತಿ ಇದೆ. ರಸ್ತೆ, ಚರಂಡಿ, ದಿನ್ನೆ, ತಗ್ಗು, ಮೋರಿ ಎಲ್ಲವೂ ಅಂಕಿಗಳಾಗಿ ಅಲ್ಲಿ ಕೂತಿವೆ. ಮೋಡ ಇನ್ನೂ ದೂರದ ಆಕಾಶದಲ್ಲಿರುವಾಗಲೇ ಆ ಅಂಕಿಗಳ ನಗರದ ಮೇಲೆ ಮಳೆ ಸುರಿಸಿ ನೋಡುತ್ತಾರೆ. ನೀರು ಎಲ್ಲಿ ನಿಲ್ಲುತ್ತದೆ, ಯಾವ ಬಾಗಿಲು ತೆರೆದರೆ ನಷ್ಟ ಕಡಿಮೆ, ಯಾವ ಓಣಿಯವರು ಮನೆ ಬಿಡಬೇಕು ಎಂದು ಮುನ್ನೋಟ ಹೇಳುತ್ತದೆ. ಹೇಳಿದ ಮರುಕ್ಷಣ ಬಾಗಿಲು ತಾನೇ ತೆರೆಯುತ್ತದೆ, ಎಲ್ಲರ ಮೊಬೈಲಿಗೂ ಸಂದೇಶ ಹೋಗುತ್ತದೆ.

ಊರು ಅದಕ್ಕೆ ಒಗ್ಗಿಹೋಗಿತ್ತು. ಮದುವೆ ಛತ್ರದವರು ಮುಹೂರ್ತ ಕೇಳುವ ಮೊದಲು ಮುನ್ನೋಟ ಕೇಳುತ್ತಿದ್ದರು. ಜೀನ್ಸ್ ಒಗೆಯುವ ಘಟಕದವರು ಪ್ಯಾಂಟು ಒಣಹಾಕುವ ಮೊದಲು ಆಕಾಶ ನೋಡುವುದನ್ನೇ ಬಿಟ್ಟಿದ್ದರು. ಅಧಿಕಾರಿಗಳಿಗಂತೂ ಅದು ದೇವರು ಕೊಟ್ಟ ಕೊಡೆ. ಮುನ್ನೋಟ ಹೇಳಿದಂತೆ ನಡೆದುಕೊಂಡ ಯಾರ ಮೇಲೂ ಮೊಕದ್ದಮೆ ಹೂಡುವ ಹಾಗಿಲ್ಲವೆಂದು ಕಾನೂನೇ ಇದೆ. ಅಕಸ್ಮಾತ್ ಮುನ್ನೋಟ ಬರದೇ ಹೋದರೆ ಮಾತ್ರ ನಗರದ ಆಯುಕ್ತರು ತಾವೇ ತೀರ್ಮಾನಿಸಿ, ತಮ್ಮ ಹೆಸರಿನಲ್ಲಿ ಬಾಗಿಲು ತೆರೆಸಬೇಕು. ಅಂಥ ದಿನ ಒಮ್ಮೆಯೂ ಬಂದಿರಲಿಲ್ಲ.

ಆ ವಿಭಾಗದಲ್ಲಿ ಎರಡನೇ ವರ್ಷದ ಎಂ.ಎಸ್ಸಿ. ಓದುತ್ತಿದ್ದ ಜಂಬಕ್ಕ ಹುಟ್ಟಿ ಬೆಳೆದದ್ದು ಚಕ್ಕಡಿಗೇರಿಯಲ್ಲಿ. ಸತ್ತವರಲ್ಲಿ ಒಬ್ಬಳು ಅವಳ ಚಿಗವ್ವ, ಅವ್ವನ ತಂಗಿ ತಾಯಕ್ಕ.

*

ಮೊದಲ ವರ್ಷದ ಮೊದಲ ತರಗತಿಯಲ್ಲಿ ಡಾ. ಸದ್ಯೋಜಾತ ಒಂದು ಹಳೆಯ ಮೀನಿನ ಬಲೆ ತಂದು ಮೇಜಿನ ಮೇಲೆ ಹರವಿದ್ದರು. ಮುನ್ನೋಟವನ್ನು ಕಟ್ಟಿದವರು ಅವರೇ. ಪಾಠ ಮಾಡುವಾಗ ಚಪ್ಪಲಿ ಬಿಚ್ಚಿಟ್ಟು ಬರಿಗಾಲಲ್ಲಿ ಓಡಾಡುವುದು ಅವರ ರೂಢಿ.

“ನಗರದ ಮೇಲೆ ಇಂಥದೊಂದು ಬಲೆ ಹಾಸ್ತೇವೆ. ಒಂದೊಂದು ಕಣ್ಣಿಗೂ ಒಂದು ನೆಲದ ಎತ್ತರ, ಒಂದು ನೀರಿನ ಮಟ್ಟ. ಕಾಲ ಒಂದು ಹೆಜ್ಜೆ ಮುಂದೆ ಸರಿದರೆ ಈ ಕಣ್ಣಿನಿಂದ ಪಕ್ಕದ ಕಣ್ಣಿಗೆ ಎಷ್ಟು ನೀರು ಹೋಯ್ತು? ಲೆಕ್ಕ ಹಾಕಿ. ಮತ್ತೆ ಒಂದು ಹೆಜ್ಜೆ. ಮತ್ತೆ ಲೆಕ್ಕ. ಇಷ್ಟೇ ನಮ್ಮ ಶಾಸ್ತ್ರ, ಉಳಿದದ್ದೆಲ್ಲ ಬೆವರು” ಎಂದರು. ಹುಡುಗರು ನಕ್ಕರು.

“ಒಂದು ಕಟ್ಟಳೆ ಇದೆ. ಒಂದೇ ಹೆಜ್ಜೆಯಲ್ಲಿ ನೀರು ಒಂದು ಕಣ್ಣನ್ನು ಹಾರಿ ಆಚೆ ಹೋಗಬಾರದು. ಹಾರಿತೋ, ಲೆಕ್ಕಕ್ಕೆ ಹುಚ್ಚು ಹಿಡೀತದೆ. ಚರಂಡಿಯಲ್ಲಿ ಬೆಟ್ಟದಷ್ಟು ಅಲೆ ಏಳ್ತದೆ. ಹಾಗಾದರೆ ಕಾಲದ ಹೆಜ್ಜೆ ಎಷ್ಟು ದೊಡ್ಡದಿರಬಹುದು ಅಂತ ತೀರ್ಮಾನ ಮಾಡೋರು ಯಾರು?”

ಹಿಂದಿನ ಬೆಂಚಿನಿಂದ ಜಂಬಕ್ಕ ಹೇಳಿದಳು: “ಎಲ್ಲಕ್ಕಿಂತ ಸಣ್ಣ ಕಣ್ಣು, ಸರ್.”

ಸದ್ಯೋಜಾತ ಅವಳನ್ನೇ ನೋಡಿದರು. “ಹೌದು. ಅತಿ ಸಣ್ಣ ಕಣ್ಣು ಯಾವುದೋ, ಅದರ ನಡಿಗೆಯಲ್ಲೇ ಇಡೀ ಊರು ನಡೀಬೇಕು. ದೊಡ್ಡ ಕಣ್ಣಿಗೆ ಎಷ್ಟೇ ಅವಸರ ಇರಲಿ.”

ಅವತ್ತು ಸಂಜೆ ಅವಳು ಅದನ್ನು ಚಿಗವ್ವನಿಗೆ ಹೇಳಿದ್ದಳು. ತಾಯಕ್ಕ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದವಳು ಮಷಿನ್ ತುಳಿಯುವ ಕಾಲು ನಿಲ್ಲಿಸಿ ನಕ್ಕಿದ್ದಳು. “ಅಂಥಾ ಊರು ಎಲ್ಲೈತಿ ಹೇಳಬೇ. ನಾಳೀನೇ ಮಷಿನ್ ಹೊತ್ತುಕೊಂಡು ಹೋಗ್ತೀನಿ.”

ಎರಡನೇ ಸೆಮಿಸ್ಟರಿನಲ್ಲಿ ವಿಭಾಗದ ಒಂದು ಪದ್ಧತಿಯಿತ್ತು. ಅದಕ್ಕೆ ಬಲೆ ಓಟ ಎನ್ನುತ್ತಿದ್ದರು. ಪ್ರತಿಯೊಬ್ಬ ವಿದ್ಯಾರ್ಥಿಯೂ ನಗರದ ಬಲೆಯನ್ನು ಹಸನು ಮಾಡಬೇಕು; ಲೆಕ್ಕ ನಿಧಾನಿಸುವ ಸಣ್ಣ ಕಣ್ಣುಗಳನ್ನು ಹುಡುಕಿ ಪಕ್ಕದವುಗಳೊಂದಿಗೆ ಬೆಸೆಯಬೇಕು. ಯಾರ ಬಲೆ ಎಲ್ಲರಿಗಿಂತ ಬೇಗ ಓಡುತ್ತದೋ ಅವರು ಗೆದ್ದಂತೆ. ಗೆದ್ದ ಬಲೆ ನೆಲಮಾಳಿಗೆಗೆ ಹೋಗಿ ನಗರವನ್ನು ಕಾಯುತ್ತದೆ. ಗೆದ್ದವರು ತರಗತಿಗೆಲ್ಲ ಒಗ್ಗರಣಿ-ಮಿರ್ಚಿ ಕೊಡಿಸಬೇಕು. ಕಳೆದ ಸಲ ಅವಳ ಸಹಪಾಠಿ ಪ್ರಮಥ ಗೆದ್ದಿದ್ದ. ಎಲ್ಲರೊಂದಿಗೆ ಜಂಬಕ್ಕನೂ ಮಿರ್ಚಿ ತಿಂದಿದ್ದಳು.

*

ಚಿಗವ್ವನ ದಿನಕರ್ಮದಂದು ಕೇರಿಯ ಗೋಡೆಗಳಲ್ಲಿ ಇನ್ನೂ ಕೆಸರಿನ ಗೆರೆ ಇತ್ತು. ನೀಲಿ ಬಣ್ಣ ಬಿಟ್ಟ ಪ್ಯಾಂಟುಗಳು ತಂತಿಯ ಮೇಲೆ, ಗಿಡದ ಮೇಲೆ, ಎಲ್ಲೆಂದರಲ್ಲಿ ಒಣಗುತ್ತಿದ್ದವು. ಜಂಬಕ್ಕನ ಅವ್ವ ಹುಲಿಗೆವ್ವ ತಂಗಿಯ ಹೊಲಿಗೆ ಮಷಿನ್ನನ್ನು ಅಂಗಳಕ್ಕೆ ತಂದು ಬೂದಿ ಹಚ್ಚಿ ತುಕ್ಕು ತಿಕ್ಕುತ್ತಿದ್ದಳು.

ಪಕ್ಕದ ಮನೆಯ ಕಟಿಂಗ್ ಮಾಸ್ಟರ್ ಬುಡೇನ್‌ಸಾಬ್ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದ: “ಏನ್ ಮಗಳಽ, ನಮ್ಮ ಗಲ್ಲಿ ನಿಮ್ಮ ಕಂಪ್ಯೂಟರಿನಾಗ ಹಿಡಿಸಲಿಲ್ಲೇನು? ದೊಡ್ಡದಾತೇನು?”

“ಮಾವ, ನಂಗೊತ್ತಿಲ್ಲ.”

“ಗೊತ್ತಿಲ್ಲಾಂದ್ರ ಹೆಂಗವ್ವಾ. ನೀನು ಅಲ್ಲೇ ಕುಂದರಾಕಿ.”

ಹುಲಿಗೆವ್ವ ತಲೆ ಎತ್ತಲಿಲ್ಲ. “ಆಕಿನ್ನ ಯಾಕ ಕೇಳ್ತೀಯಣ್ಣ” ಎಂದಳು. ಮಷಿನ್ ತಿಕ್ಕುತ್ತಲೇ ತಾನೇ ಹೇಳತೊಡಗಿದಳು. ಅವತ್ತು ಮುಂಜಾನೆ ಮಳೆ ಜೋರಾದಾಗ ಕೇರಿಯ ಅರ್ಧ ಜನ ಪಕ್ಕದ ಎತ್ತರದ ರೈಲ್ವೆ ಏರಿಗೆ ಹತ್ತಿದ್ದರು. ತಾಯಕ್ಕನೂ ಹತ್ತಿದ್ದಳು. ಎಲ್ಲರ ಮೊಬೈಲೂ ಒಟ್ಟಿಗೇ ಗುರುಗುಟ್ಟಿದವು. ನೀವು ಸುರಕ್ಷಿತ ವಲಯದಲ್ಲಿದ್ದೀರಿ. ಮನೆಯಲ್ಲೇ ಇರಿ. ಆದರೂ ಕೆಲವರು ಇಳಿಯಲು ಅನುಮಾನಿಸಿದರು.

“ಆಗ ನಿಮ್ಮ ಚಿಗವ್ವ ಅಂದಳು, ನಮ್ಮ ಜಂಬಿ ಅಲ್ಲಿ ಅದಾಳ, ಸುಳ್ಳು ಹೇಳಾಕ ಬಿಡ್ತಾಳೇನು ಅಂತ. ತಾನೇ ಮುಂದಾಗಿ ಇಳದ್ಲು.” ಹುಲಿಗೆವ್ವ ಬೂದಿಯ ಕೈಯಲ್ಲೇ ಮೂಗು ಒರೆಸಿಕೊಂಡಳು. “ನೀರು ಎದಿಮಟ ಬಂದಾಗೂ ಆ ಫೋನು ಸುರಕ್ಷಿತ, ಸುರಕ್ಷಿತ ಅಂತ ಬಡಕೊಳ್ಳಾಕ ಹತ್ತಿತ್ತು. ಹೆಣದ ಕುಬುಸದಾಗೂ ಬಡಕೊಂಡೈತಿ.”

ಬುಡೇನ್‌ಸಾಬ್ ಎದ್ದು ಒಳಗೆ ಹೋಗಿಬಿಟ್ಟ. ಜಂಬಕ್ಕ ಅವತ್ತೇ ವಿಭಾಗಕ್ಕೆ ಹೊರಟಳು.

*

ತೆರೆಯ ಮೇಲೆ ಬಲೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ರೈಲ್ವೆ ಏರಿಯ ಪಕ್ಕ, ಚಕ್ಕಡಿಗೇರಿ ಇರಬೇಕಾದಲ್ಲಿ, ಒಂದೇ ಒಂದು ದೊಡ್ಡ ಕಣ್ಣಿತ್ತು. ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕಾದಂಥ ಗಲ್ಲಿಗಳು, ಗೋಡೆಗೆ ಗೋಡೆ ಅಂಟಿದ ಮನೆಗಳು, ನಡುವಿನ ಚರಂಡಿ, ಎಲ್ಲವನ್ನೂ ಏರಿಯೊಂದಿಗೆ ಬೆಸೆದುಬಿಟ್ಟಿದ್ದರು. ಏರಿಯ ಎತ್ತರ, ಕೇರಿಯ ತಗ್ಗು ಎರಡನ್ನೂ ಕೂಡಿ ಸರಾಸರಿ ತೆಗೆದಾಗ ಕೇರಿ ಎತ್ತರದ ನೆಲವಾಗಿತ್ತು. ಅಂಕಿಗಳ ನಗರದಲ್ಲಿ ಅಲ್ಲಿಗೆ ನೀರು ಹತ್ತಲೇ ಇಲ್ಲ. ಹತ್ತಿದ್ದರೂ ನಷ್ಟವಿರಲಿಲ್ಲ. ಬೆಸೆದ ಕಣ್ಣಿಗೆ ಮನೆಗಳ ಲೆಕ್ಕ ಅಂಟುವುದಿಲ್ಲ. ಅದರ ಮೇಲೆ ಬರೆದಿತ್ತು: ಬಯಲು.

ಬಲಬಾಗಿಲಿನ ದಿಕ್ಕಿಗೆ ಸರಿದು ನೋಡಿದಳು. ಅಲ್ಲಿ ಊರಿನ ಶ್ರೀಮಂತರ ಕ್ಲಬ್ಬಿನ ಮೈದಾನ. ಹುಲ್ಲು, ಈಜುಕೊಳ, ಅತಿಥಿಗೃಹ. ಯಾವುದನ್ನೂ ಯಾರೂ ಬೆಸೆದಿರಲಿಲ್ಲ. ಬೆಸೆಯುವ ಅಗತ್ಯವೇ ಬಿದ್ದಿರಲಿಲ್ಲ. ಅಗಲವಾಗಿ ಬದುಕುವವರಿಗೆ ಬಲೆಯಲ್ಲೂ ಅಗಲವಾದ ಕಣ್ಣು. ಅವರಿಂದ ಲೆಕ್ಕ ನಿಧಾನವಾಗುವುದಿಲ್ಲ. ಇಕ್ಕಟ್ಟಿನಲ್ಲಿ ಬದುಕುವವರೇ ಲೆಕ್ಕಕ್ಕೆ ಅಡ್ಡಿ.

ಪ್ರಮಥ ಹಿಂದೆ ಬಂದು ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

“ನಾನು ಹೆಸರು ನೋಡಲಿಲ್ಲ ಜಂಬಕ್ಕ” ಎಂದ. “ಇಷ್ಟಕ್ಕಿಂತ ಸಣ್ಣದಿದ್ದರೆ ಬೆಸಿ ಅಂತ ಒಂದು ಸಾಲು ಬರೆದೆ. ಅದೇ ಹುಡುಕಿಕೊಂಡು ಬೆಸೆದುಕೊಂಡು ಹೋಯ್ತು. ಅಲ್ಲಿ ಏನಿದೆ ಅಂತ ನನಗೆ ಗೊತ್ತೇ ಇರಲಿಲ್ಲ.”

“ನಾನಿದ್ದೆ” ಎಂದಳು ಜಂಬಕ್ಕ. “ನಿನ್ನ ಪಕ್ಕದ ಕುರ್ಚಿಯಲ್ಲೇ.”

ಅವನು ಆ ಕುರ್ಚಿಯಲ್ಲಿ ಕೂತ. “ಏನು ಮಾಡಲಿ ಹೇಳು” ಎಂದ.

“ಟೇಪು ಹಿಡಿಯಾಕ ಬಾ. ಗಲ್ಲಿ ಅಳೆಯೋಣು.”

ಇಬ್ಬರೂ ಕೇರಿಯನ್ನು ಅಳೆದರು. ಅವನು ಯಾರೆಂದು ಹೆಂಗಸರಿಗೆ ತಿಳಿಯಿತು. ಯಾರೂ ಬೈಯಲಿಲ್ಲ. ಚಹಾವನ್ನೂ ಕೊಡಲಿಲ್ಲ. ಟೇಪಿನ ತುದಿ ಹಿಡಿದು ಅವನು ಒಂದೊಂದು ಹೊಸ್ತಿಲ ಮುಂದೆಯೂ ಬಗ್ಗಿದ. ಗೋಡೆಯ ಕೆಸರಿನ ಗೆರೆಯ ಎತ್ತರ ಓದುವಾಗ ಅವನ ದನಿ ಬರಬರುತ್ತ ಸಣ್ಣದಾಗುತ್ತಿತ್ತು.

ಗಲ್ಲಿಗಳನ್ನು ಸೇರಿಸಿದ ಬಲೆಯನ್ನು ವಿಭಾಗದ ಹಳೆಯ ಯಂತ್ರದಲ್ಲಿ ಓಡಿಸಿದರು. ಆ ಶ್ರಾವಣದ ಮಳೆಯನ್ನೇ ಮತ್ತೆ ಸುರಿಸಿದರು. ಉತ್ತರಕ್ಕೆ ದಿನಗಟ್ಟಲೆ ಕಾಯಬೇಕಾಯಿತು. ಬಂದ ಉತ್ತರ ಸರಳವಾಗಿತ್ತು: ಎಡಬಾಗಿಲು ತೆರೆದರೆ ಕೇರಿ ಮುಳುಗುತ್ತದೆ. ಬಲಬಾಗಿಲು ತೆರೆದರೆ ಕ್ಲಬ್ಬಿನ ಹುಲ್ಲಿನ ಮೇಲೆ ಮೊಣಕಾಲುದ್ದ ನೀರು ನಿಂತು ಇಂಗಿಹೋಗುತ್ತದೆ.

*

ಸದ್ಯೋಜಾತ ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಸರಿಯಾಗಿದೆ. ನಿಮ್ಮ ಕೆಲಸದಲ್ಲಿ ತಪ್ಪಿಲ್ಲ.”

“ಹಾಗಾದ್ರ ಈ ಬಲೆ ನೆಲಮಾಳಿಗೆಗೆ ಹಾಕೋಣ ಸರ್.”

“ಹೇಗೆ ಹಾಕ್ತೀಯಮ್ಮ? ಅಲ್ಲಿನ ಯಂತ್ರ ಇದಕ್ಕಿಂತ ಜೋರು, ಒಪ್ಪಿದೆ. ಆದರೂ ನಿಮ್ಮ ಗಲ್ಲಿಗಳ ಹೆಜ್ಜೆಗೆ ಇಡೀ ನಗರದ ಲೆಕ್ಕ ಇಳೀತದೆ. ಮಳೆ ಬಂದು ಹೋದ ಮೇಲೆ ಮುನ್ನೋಟ ಬರ್ತದೆ. ಅದನ್ನ ಕಟ್ಟಿಕೊಂಡು ಏನು ಮಾಡೋದು? ಊರಿನ ಲಕ್ಷಾಂತರ ಜನರಿಗೆ ಏನೂ ಹೇಳದೇ ಕೂರೋದಾ?”

“ಸುಳ್ಳು ಹೇಳೋದಕ್ಕಿಂತ…”

“ದೊಡ್ಡ ಯಂತ್ರ ಕೇಳಿದ್ದೇನೆ. ಮುಂದಿನ ವರ್ಷ ಬರಬಹುದು. ಅಲ್ಲಿಯವರೆಗೆ ಹಳೇ ಬಲೆ ನಡೀಲಿ.”

“ಮುಂದಿನ ವರ್ಷ” ಎಂದಳು ಜಂಬಕ್ಕ. “ಸರ್, ಅಲ್ಲೀತನಕ ಚಕ್ಕಡಿಗೇರಿ ಬಯಲಾ?”

ಕಿಟಕಿಯ ಆಚೆ ಹೊಸ ತಂಡದ ಹುಡುಗರು ಬರಲಿರುವ ಬಲೆ ಓಟದ ಮಾತಾಡುತ್ತ ಮಿರ್ಚಿ ತಿನ್ನುತ್ತಿದ್ದರು. ಸದ್ಯೋಜಾತ ಎದ್ದು ಕಿಟಕಿ ಮುಚ್ಚಿದರು. “ಪ್ರವಾಹದ ವಿಚಾರಣೆ ಮುಗಿದಿದೆ. ಅಂದಾಜಿಗೆ ಮೀರಿದ ಮಳೆ ಅಂತ ಬರೆದಾಗಿದೆ. ನೀನು ಚೆನ್ನಾಗಿ ಓದುವ ಹುಡುಗಿ. ಪದವಿ ತಗೋ. ಆಮೇಲೆ ನೀನೇ ಬಂದು ಬದಲಾಯಿಸು.”

ಆಮೇಲೆ ಎನ್ನುವ ಮಾತನ್ನು ಅವಳ ಕೇರಿ ತಲೆತಲಾಂತರದಿಂದ ಕೇಳಿಕೊಂಡು ಬಂದಿತ್ತು. ನಲ್ಲಿ ಆಮೇಲೆ. ಪಟ್ಟಾ ಆಮೇಲೆ. ಈಗ ಲೆಕ್ಕಕ್ಕೆ ಬರುವುದೂ ಆಮೇಲೆ.

ಮನೆಯಲ್ಲಿ ಹುಲಿಗೆವ್ವ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಂಡಳು.

“ಕಂಪ್ಯೂಟರಿನಾಗಿನ ಬಲಿ ಬದಲು ಮಾಡಾಕ ಏನು ಬೇಕು?”

“ಅವತ್ತು ನೆಲಮಾಳಿಗಿ ಕಾಯೋ ಪಾಳಿಯಾಗ ಇದ್ದ ವಿದ್ಯಾರ್ಥಿ ಹೆಬ್ಬೆಟ್ಟು ಒತ್ತಬೇಕವ್ವ. ಸರು ಒತ್ತಿದ್ರೂ ಆಗಂಗಿಲ್ಲ, ಆಯುಕ್ತರು ಒತ್ತಿದ್ರೂ ಆಗಂಗಿಲ್ಲ. ನಮಗ ಜವಾಬ್ದಾರಿ ಕಲಿಸಾಕ ಅಂತ ಹಂಗ ಮಾಡ್ಯಾರ.”

“ಜವಾಬ್ದಾರಿ ಅಲ್ಲ, ನಾಳೆ ಏನರ ಆದ್ರ ನಿಮ್ಮ ಬೆಟ್ಟು ತೋರಸಾಕ” ಎಂದಳು ಹುಲಿಗೆವ್ವ. ರೊಟ್ಟಿ ಹೊರಳಿಸಿ ಹಾಕಿದಳು. “ನಮ್ಮ ಮನಿತನದಾಗ ಯಾವಾಗ ಹೆಬ್ಬೆಟ್ಟು ಒತ್ತಿದ್ರೂ ಏನರ ಒಂದು ಕಳಕೊಳ್ಳಾಕನಽ ಒತ್ತೀವಿ. ನಿಮ್ಮಜ್ಜ ಒತ್ತಿದ, ಹೊಲ ಹೋತು. ನಾ ಒತ್ತಿದೆ, ತಂಗಿ ಹೆಣ ಕೊಟ್ರು. ನೀ ನೋಡಿ ಒತ್ತು.”

*

ಭಾದ್ರಪದದ ಒಂದು ಮಧ್ಯಾಹ್ನ ಜಂಬಕ್ಕನ ಪಾಳಿ. ಉಪಗ್ರಹದ ಚಿತ್ರದಲ್ಲಿ ಮೋಡ ಇನ್ನೂ ದೂರವಿತ್ತು. ಕುರ್ಚಿಯಲ್ಲಿ ಕೂತವಳೇ ಹಳೆಯ ಬಲೆ ಇಳಿಸಿ, ಗಲ್ಲಿಗಳ ಬಲೆ ಏರಿಸಿ, ಹೆಬ್ಬೆಟ್ಟು ಒತ್ತಿದಳು. ಲೆಕ್ಕ ಶುರುವಾಯಿತು. ತೆರೆಯ ಮೇಲೆ ನಗರ ಬಸವನಹುಳುವಿನಂತೆ ಸರಿಯತೊಡಗಿತು. ಹಳೆಯ ಬಲೆಯಾದರೆ ಯಾವಾಗಲೋ ಮುಗಿಯುತ್ತಿದ್ದ ಹೊತ್ತಿಗೂ ಅದು ಕಾಲು ಭಾಗ ಮುಟ್ಟಿರಲಿಲ್ಲ.

ಮೋಡ ಬೇಗ ಬಂತು. ಹೊರಗೆ ಮಳೆ ಹಿಡಿಯಿತು. ನೆಲಮಾಳಿಗೆಯ ಗೋಡೆಯಲ್ಲಿ ಒಡ್ಡಿನ ನೀರಿನ ಮಟ್ಟ ಕೆಂಪು ಗೆರೆಯ ಕಡೆಗೆ ಏರುತ್ತಿತ್ತು. ಮೊದಲ ಸಲ ಊರಿನ ಎಲ್ಲ ಮೊಬೈಲುಗಳಿಗೂ ಒಂದೇ ಸಂದೇಶ ಹೋಯಿತು: ಮುನ್ನೋಟ ಇನ್ನೂ ಸಿದ್ಧವಾಗಿಲ್ಲ.

ಸ್ವಲ್ಪ ಹೊತ್ತಿಗೆ ಹುಲಿಗೆವ್ವನ ಫೋನು ಬಂತು. ಹಿಂದೆ ಮಳೆಯ ಸದ್ದು, ಕೂಸುಗಳ ಅಳು.

“ಜಂಬೀ, ಫೋನು ಏನೂ ಗೊತ್ತಿಲ್ಲ ಅಂತೈತಿ. ಗೊತ್ತಿಲ್ಲಾಂದ ಮ್ಯಾಲ ನಾವಽ ನೋಡ್ಕೋಬೇಕಲ್ಲ. ಎಲ್ಲಾರೂ ಏರಿ ಹತ್ತೀವಿ. ಬುಡೇನಣ್ಣ ನಿಮ್ಮ ಚಿಗವ್ವನ ಮಷಿನ್ ಹೊತ್ತಾನ. ತಾಯಕ್ಕ ಸೈತ ಇಷ್ಟು ಭಾರ ಇದ್ದಾಕಿ ಅಲ್ಲ ಅಂತ ಬೈಯಾಕ ಹತ್ಯಾನ.”

ಜಂಬಕ್ಕನಿಗೆ ನಗು ಬಂತು, ಕಣ್ಣು ತುಂಬಿತು. “ಅಲ್ಲೇ ಇರ್ರಿ ಅವ್ವ. ಇಳೀಬ್ಯಾಡ್ರಿ.”

ಫೋನು ಇಡುವಷ್ಟರಲ್ಲಿ ಆಯುಕ್ತೆ ಚಾರುಲತಾ ಒಳಗೆ ಬಂದರು. ಸೀರೆಯ ಅಂಚು ತೊಯ್ದಿತ್ತು. ಹಿಂದೆ ಸದ್ಯೋಜಾತ, ಅವರ ಹಿಂದೆ ಪ್ರಮಥ.

“ಯಾಕೆ ಮುನ್ನೋಟ ಬಂದಿಲ್ಲ? ಏನು ಕೆಟ್ಟಿದೆ?”

“ಏನೂ ಕೆಟ್ಟಿಲ್ಲ ಮೇಡಂ” ಎಂದ ಪ್ರಮಥ. “ಮೊದಲ ಸಲ ಸರಿಯಾಗಿ ನಡೀತಿದೆ.”

ಸದ್ಯೋಜಾತ ತೆರೆಯತ್ತ ಬಗ್ಗಿ ನೋಡಿದರು. ಅವರಿಗೆ ತಕ್ಷಣ ತಿಳಿಯಿತು. “ಜಂಬಕ್ಕ, ಹಳೇ ಬಲೆ ಹಾಕು. ಎರಡು ನಿಮಿಷದಲ್ಲಿ ಉತ್ತರ ಬರ್ತದೆ.”

“ಯಾವ ಉತ್ತರ ಬರ್ತದೆ ಅಂತ ನಿಮಗೆ ಗೊತ್ತು ಸರ್. ಎಡಬಾಗಿಲು.”

“ವಾದ ಮಾಡೋ ಹೊತ್ತಲ್ಲ ಇದು. ಒಡ್ಡು ತುಂಬಿ ಮೇಲಿಂದ ಹರಿದರೆ ಇಡೀ ಪೇಟೆ ಹೋಗ್ತದೆ.”

“ಹೋಗಬಾರದು ಸರ್. ಬಾಗಿಲು ತೆರೀಬೇಕು. ಒಪ್ಪಿದೆ.” ಅವಳು ಆಯುಕ್ತೆಯ ಕಡೆ ತಿರುಗಿದಳು. “ಮುನ್ನೋಟ ಇಲ್ಲದಾಗ ಬಾಗಿಲು ತೆರೆಯೋ ಅಧಿಕಾರ ನಿಮಗಿದೆ ಮೇಡಂ. ಗೋಡೆ ಮೇಲೆ ಎರಡು ಗುಂಡಿ ಇವೆ. ಬಲಗಡೆದು ಕ್ಲಬ್ಬು. ಎಡಗಡೆದು ನಮ್ಮ ಮನೆ.”

ಆಯುಕ್ತೆ ಗುಂಡಿಗಳನ್ನು ನೋಡಿದರು. ಮೊದಲ ಸಲ ನೋಡುತ್ತಿದ್ದಾರೆಂದು ಅವರ ಮುಖವೇ ಹೇಳುತ್ತಿತ್ತು. ಅವುಗಳ ಮೇಲೆ ದೂಳು ಕೂತಿತ್ತು.

“ನಾನು ಹೇಗೆ ತೀರ್ಮಾನ ಮಾಡಲಿ? ಕ್ಲಬ್ಬಿನ ಅತಿಥಿಗೃಹದಲ್ಲಿ ಇವತ್ತು ಯಾರು ಯಾರಿದ್ದಾರೆ ಗೊತ್ತಾ ನಿನಗೆ? ನಾಳೆ ನನ್ನನ್ನ ಕೇಳಿದರೆ ಏನು ತೋರಿಸಲಿ? ಒಂದು ಅಂಕಿ ಬೇಕು ನನಗೆ.”

“ಅತಿಥಿಗೃಹಕ್ಕೆ ಮಹಡಿ ಇದೆ ಮೇಡಂ. ನಮ್ಮ ಮನೆಗಳಿಗೆ ಇಲ್ಲ. ಇದಕ್ಕೆ ಅಂಕಿ ಯಾಕೆ ಬೇಕು?”

“ಸದ್ಯೋಜಾತ ಅವರೇ, ನಿಮ್ಮ ವಿದ್ಯಾರ್ಥಿಗೆ ಹೇಳಿ.”

ಸದ್ಯೋಜಾತ ಜಂಬಕ್ಕನ ಪಕ್ಕ ಬಂದು ನಿಂತರು. ಚಪ್ಪಲಿ ಎಲ್ಲೋ ಬಿಟ್ಟು ಬಂದಿದ್ದರು. ದನಿ ತಗ್ಗಿಸಿ, ಮಗಳಿಗೆ ಹೇಳುವಂತೆ ಹೇಳಿದರು: “ಒತ್ತಮ್ಮ. ಇಲ್ಲದಿದ್ದರೆ ನಿನ್ನ ಓದು ಇವತ್ತಿಗೇ ಮುಗೀತದೆ. ನನ್ನಿಂದಲೂ ಉಳಿಸೋಕಾಗಲ್ಲ.”

ತೆರೆಯ ಮೇಲೆ ಒಂದು ಚೌಕ ಮೂಡಿ ಹೆಬ್ಬೆಟ್ಟಿಗಾಗಿ ಮಿನುಗುತ್ತಿತ್ತು. ಒತ್ತಿದರೆ ಏನಾಗುತ್ತದೆಂದು ಜಂಬಕ್ಕನಿಗೆ ಕಾಣುತ್ತಿತ್ತು. ಹಳೆಯ ಬಲೆ ಏರುತ್ತದೆ. ಚಕ್ಕಡಿಗೇರಿ ಮತ್ತೆ ಬಯಲಾಗುತ್ತದೆ. ಏರಿಯ ಮೇಲೆ ಮಳೆಯಲ್ಲಿ ನಡುಗುತ್ತ ನಿಂತವರ ಮೊಬೈಲುಗಳು ಒಟ್ಟಿಗೇ ಗುರುಗುಟ್ಟುತ್ತವೆ. ನೀವು ಸುರಕ್ಷಿತ ವಲಯದಲ್ಲಿದ್ದೀರಿ. ಕೂಸು ಎತ್ತಿಕೊಂಡವಳೊಬ್ಬಳು ಹೇಳುತ್ತಾಳೆ, ನಮ್ಮ ಜಂಬಿ ಅಲ್ಲಿ ಅದಾಳ. ಮೊದಲ ಕಾಲು ಇಳಿಯುತ್ತದೆ.

“ಸರ್, ಮೊದಲ ದಿನ ನೀವು ಕೇಳಿದ್ರಿ” ಎಂದಳು. “ಹೆಜ್ಜೆ ತೀರ್ಮಾನ ಮಾಡೋರು ಯಾರು ಅಂತ. ನಾನು ಹೇಳಿದ ಉತ್ತರ ಸರಿ ಅಂದ್ರಿ.”

ಗೋಡೆಯ ಮೇಲೆ ನೀರು ಕೆಂಪು ಗೆರೆಯನ್ನು ಮುಟ್ಟಿತು.

“ಒತ್ತು” ಎಂದರು ಆಯುಕ್ತೆ. “ಇದು ಆಜ್ಞೆ.”

ಜಂಬಕ್ಕ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಎದ್ದು ನಿಂತಳು. ಹೆಬ್ಬೆಟ್ಟನ್ನು ಅಂಗೈಯೊಳಗೆ ಮಡಚಿ, ಅದರ ಮೇಲೆ ನಾಲ್ಕೂ ಬೆರಳು ಮುಚ್ಚಿದಳು.

“ಒತ್ತಲ್ಲ ಮೇಡಂ. ಗುಂಡಿ ನಿಮ್ಮ ಕೈಯಳತೆಯಲ್ಲೇ ಇದೆ.”